ಒಗೆಯದ ಫ್ರಾಕು

ಕಾಡಿನೊಳಗೆ ಹೋಗಲು ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಅವಕಾಶ. ಸುಮೇಧಾಳದು ಆರನೇ ವಯಸ್ಸಿನಲ್ಲೇ ಮುಗಿದಿತ್ತು. ಈ ಬೇಸಿಗೆ ರಜೆಯಲ್ಲಿ ಇಬ್ಬರು ಮಕ್ಕಳನ್ನೂ ಗಂಡ ಕರೆದೊಯ್ಯುತ್ತಾನೆ. ಅವಳು ಕಾಡಿನ ಗೇಟಿನ ಹೊರಗೆ ಕಾಯಬೇಕು.

ಚೀಲಕ್ಕೆ ಚಕ್ಕುಲಿ, ಟೋಪಿ ತುಂಬುತ್ತಿದ್ದಾಗ ಆರು ವರ್ಷದ ಇಂಚರ ಕೇಳಿದಳು: "ಅಮ್ಮಾ, ಕಾಡು ಹೇಗಿರತ್ತೆ?"

ಸುಮೇಧಾ ಬೀರುವಿನಿಂದ ತನ್ನ ಹಳದಿ ಫ್ರಾಕು ತೆಗೆದಳು. ಕಾಡಿಗೆ ತೊಟ್ಟುಹೋದ ಬಟ್ಟೆಯನ್ನು ಯಾರ ಮನೆಯಲ್ಲೂ ಒಗೆಯುವುದಿಲ್ಲ.

"ಮೂಸಿ ನೋಡು. ಒದ್ದೆ ಮಣ್ಣು, ನೆಲ್ಲಿಕಾಯಿ, ನಮ್ಮಪ್ಪನ ಬೆವರು. ನನ್ನನ್ನ ಹೆಗಲ ಮೇಲೆ ಹೊತ್ಕೊಂಡಿದ್ರು."

ಇಂಚರ ಮೂಗು ತೂರಿಸಿ ಮೂಸಿದಳು. "ಬರೀ ನುಸಿಗುಳಿಗೆ ವಾಸನೆ."

ಸುಮೇಧಾ ತಾನೂ ಒಮ್ಮೆ ಮೂಸಿ, ಫ್ರಾಕನ್ನು ಮಡಚತೊಡಗಿದಳು.

"ಖಾಲಿಯಾಗಿದೆ ಅಷ್ಟೇ ಅಮ್ಮ," ಎನ್ನುತ್ತ ಇಂಚರ ಫ್ರಾಕನ್ನು ಕಿತ್ತುಕೊಂಡು ತೊಟ್ಟೇಬಿಟ್ಟಳು. "ಇದನ್ನೇ ಹಾಕ್ಕೊಂಡ್ ಹೋಗಿ, ನಿಂಗೆ ತುಂಬಿಸ್ಕೊಂಡ್ ಬರ್ತೀನಿ."