ಉಪಚಾರ

ರಾಚಪ್ಪನ ಬಿಪಿ ಮಾತ್ರೆ ಯಾವ ಬಣ್ಣದ್ದೆಂದು ರಾಚಪ್ಪನಿಗೇ ಗೊತ್ತಿರಲಿಲ್ಲ. ದಿನಾ ಊಟಕ್ಕೆ ಕೂತಾಗ ಹೆಂಡತಿ ಸರ್ವಮಂಗಳ ಅದನ್ನು ಅವನ ಅಂಗೈಗೆ ಇಡುತ್ತಿದ್ದಳು, ಅವನು ನೋಡದೆ ನುಂಗುತ್ತಿದ್ದ. ಕಾಲು ಸೆಳೆತಕ್ಕೆ ಒಳ್ಳೇದೆಂದು ಯಾರೋ ಗೆಳೆಯ ಪೊಟ್ಯಾಸಿಯಂ ಟಾನಿಕ್ಕಿನ ಬಾಟಲಿ ಕೊಟ್ಟ ಮೇಲೆ ಮನೆ ರಣರಂಗವಾಯಿತು.

"ಅದನ್ನ ಕುಡೀಬೇಡಿ. ಈ ಮಾತ್ರೆ ಜೊತೆ ಅದು ಸೇರಿದ್ರೆ ಎದೆ ಬಡಿತ ನಿಂತೇ ಹೋಗಬಹುದು ಅಂತ ಡಾಕ್ಟ್ರು ಹೇಳಿದಾರೆ."

"ನನ್ನ ಕಾಲಿನ ನೋವು ಡಾಕ್ಟ್ರಿಗೇನು ಗೊತ್ತು? ನಾನು ನೆಟ್ಟಗೆ ನಡೆದಾಡಿದ್ರೆ ನಿನಗೆ ಹೊಟ್ಟೆಯುರಿ."

ಅವಳು ಬಾಟಲಿ ಬಚ್ಚಿಟ್ಟಳು. ಭಾನುವಾರ ಬೀಗರು ಊಟಕ್ಕೆ ಬಂದಿದ್ದಾಗ ರಾಚಪ್ಪ ಅವರೆದುರೇ ಅವಳ ಜಡೆ ಹಿಡಿದು ಜಗ್ಗಿ, "ತೆಗಿ ಈಚೆಗೆ" ಎಂದ. ಬೀಗರು ತಲೆ ತಗ್ಗಿಸಿಕೊಂಡು ಉಂಡರು. ಅವಳು ಒಳಗೆ ಹೋಗಿ ಬಾಟಲಿ ತಂದಿಟ್ಟಳು.

ಮರುದಿನ ಮಧ್ಯಾಹ್ನ ತಟ್ಟೆಯ ಪಕ್ಕ ಮಾತ್ರೆಯೂ ಇತ್ತು, ಬಾಟಲಿಯೂ ಇತ್ತು. ಎರಡನ್ನೂ ಸರ್ವಮಂಗಳಳೇ ತಂದಿಟ್ಟಿದ್ದಳು. ರಾಚಪ್ಪನಿಗೆ ಕೋಟೆ ಗೆದ್ದಷ್ಟು ಖುಷಿಯಾಯಿತು.

"ಯಾಕೆ, ಇವತ್ತು ಡಾಕ್ಟ್ರ ಪುರಾಣ ಇಲ್ವಾ?" ಎಂದು ಮಾತ್ರೆ ಬಾಯಿಗೆ ಹಾಕಿಕೊಂಡ.

"ನಿಮ್ಮ ಮೈ ವಿಷಯ ನಿಮಗೆ ತಾನೇ ಗೊತ್ತು" ಎಂದು ಅವಳೇ ಚಮಚಕ್ಕೆ ಟಾನಿಕ್ಕು ಸುರಿದು ಕುಡಿಸಿದಳು.

"ಅಂತೂ ಬುದ್ಧಿ ಬಂತು" ಎಂದು ಅವನು ಮೀಸೆ ಒರೆಸಿಕೊಂಡ.

ಅವಳು ಬಾಟಲಿಯ ಮುಚ್ಚಳ ಹಾಕಲಿಲ್ಲ. ಮದುವೆಮನೆಯಲ್ಲಿ ಪಾಯಸ ಬಡಿಸುವವರ ಹಾಗೆ ಬಗ್ಗಿ, ನಗುನಗುತ್ತಾ ಕೇಳಿದಳು: "ಇನ್ನೊಂದು ಚೂರು ಬಡಿಸ್ಲಾ?"