ಹಸಿರು ರಟ್ಟಿನ ಪುಸ್ತಕ

ಆಸ್ಪತ್ರೆಯ ಹೊಸ ಡೈರೆಕ್ಟರ್ ಡಾಕ್ಟರ್ ಒವೆಲಾರ್ ವಾರ್ಡಿಗೆ ನುಗ್ಗಿದಾಗ ಬೆಳಿಗ್ಗೆ ಹತ್ತು ಗಂಟೆ, ನರ್ಸ್‌ಗಳು ಎಲೆಪುಡಿಗೆ ತಣ್ಣೀರು ಹೊಯ್ದ ತೆರೆರೆಯನ್ನು ಸರದಿಯಂತೆ ಕುಡಿಯುವ ಹೊತ್ತು. ಕೈಯಿಂದ ಕೈಗೆ ದಾಟುತ್ತಿದ್ದ ಕೊಂಬಿನ ಲೋಟ ಅಲ್ಲೇ ನಿಂತಿತು. ಅವನಿಗೆ ಬೇಕಾಗಿದ್ದದ್ದು ಹಸಿರು ರಟ್ಟಿನ ಪುಸ್ತಕ.

ಅದು ವಾರ್ಡಿನ ಮುಖ್ಯ ನರ್ಸ್ ಸೆಲ್ಸಾಳ ಜೇಬಿನಲ್ಲಿತ್ತು. ಯಾರ ಕೈಯಲ್ಲಿ ಏನು ತಪ್ಪಾದರೂ ಅವರೇ ಅದರಲ್ಲಿ ಬರೆಯಬೇಕು, ಶುಕ್ರವಾರ ಎಲ್ಲರೂ ಕೂತು ಓದಬೇಕು. ಬೈಗುಳವಿಲ್ಲ, ಶಿಕ್ಷೆಯಿಲ್ಲ. ತಮ್ಮ ತಪ್ಪನ್ನು ಬರೆಯದವರು ಮಾತ್ರ ಬೇರೆಯವರದ್ದನ್ನು ಓದುವಂತಿಲ್ಲ. ಮೊದಲ ಪುಟ ಸೆಲ್ಸಾಳದ್ದೇ. ಅವಳಿಗಿಂತ ಮುಂಚೆ ಇದ್ದ ಮುಖ್ಯಸ್ಥೆ ತಪ್ಪಿಗೊಂದರಂತೆ ನೋಟಿಸ್ ಕೊಡುತ್ತಿದ್ದಳು. ಹೆದರಿ ಎಲ್ಲರೂ ಮುಚ್ಚಿಡುತ್ತಿದ್ದರಿಂದ ಆ ಕಾಲದಲ್ಲಿ ಕಾಗದದ ಮೇಲೆ ಒಂದು ತಪ್ಪೂ ಇರಲಿಲ್ಲ, ಹಿಂಬಾಗಿಲಿನಿಂದ ಹೆಣಗಳು ಮಾತ್ರ ಹೋಗುತ್ತಲೇ ಇದ್ದವು.

ನಿನ್ನೆ ಆರನೇ ಹಾಸಿಗೆಯ ಇನ್ಸುಲಿನ್ ಒಂಬತ್ತನೇ ಹಾಸಿಗೆಯ ಮುದುಕನಿಗೆ ಹೋಗಿತ್ತು. ಕೊಟ್ಟವರು ಯಾರೆಂದು ಒವೆಲಾರ್‌ಗೆ ಗೊತ್ತಾಗಬೇಕು, ಮಧ್ಯಾಹ್ನದೊಳಗೆ ಆ ನರ್ಸ್ ಮನೆಗೆ ಹೋಗಬೇಕು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ ನಿನ್ಫಾ ಏನೋ ಹೇಳಲು ಬಾಯಿ ತೆರೆದಳು.

"ನಿನ್ಫಾ, ಎಲ್ಲರಿಗಿಂತ ಚಿಕ್ಕವಳು ನೀನು. ಲೋಟಕ್ಕೆ ನೀರು ಹಾಕು," ಎಂದಳು ಸೆಲ್ಸಾ. ನಿನ್ಫಾ ಬಾಯಿ ಮುಚ್ಚಿ ಹೂಜಿ ಎತ್ತಿಕೊಂಡಳು. ನೀರು ಅರ್ಧ ಲೋಟಕ್ಕೆ, ಅರ್ಧ ನೆಲಕ್ಕೆ ಬಿತ್ತು.

ಹೆಸರು ಕೊಡದಿದ್ದರೆ ಸೋಮವಾರದಿಂದ ಸೆಲ್ಸಾಳನ್ನೇ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕುತ್ತೇನೆಂದು ಒವೆಲಾರ್ ಗುಡುಗಿದ. ಒಗೆಯುವುದು ತನಗೆ ಚೆನ್ನಾಗಿಯೇ ಬರುತ್ತದೆ ಎಂದಳು ಸೆಲ್ಸಾ. ಈ ವಾರ್ಡನ್ನು ಇಂಥ ವಾರ್ಡು ಮಾಡಲು ಅವಳಿಗೆ ಹನ್ನೊಂದು ವರ್ಷ ಹಿಡಿದಿತ್ತು.

"ಮುಖ್ಯಸ್ಥೆ ಅಂದ್ರೆ ಕೈಕೆಳಗಿನವರಿಗೆ ಹೆದರಿಕೆ ಇರಬೇಕು ಕಣ್ರೀ."

"ಹೆದರಿಕೆ ಇದ್ದಿದ್ರೆ ನಿನ್ನೆ ಯಾರೂ ಓಡಿ ಬಂದು ನನಗೆ ಹೇಳ್ತಿರಲಿಲ್ಲ ಡಾಕ್ಟ್ರೇ. ಐದೇ ನಿಮಿಷದಲ್ಲಿ ಹೇಳಿದ್ರು. ಅದಕ್ಕೇ ಯಜಮಾನ್ರು ಇವತ್ತು ಎದ್ದು ಕೂತು ಕಿತ್ತಳೆ ತಿಂತಿದಾರೆ."

ಒಂಬತ್ತನೇ ಹಾಸಿಗೆಯ ಪೋಲಿಕಾರ್ಪೊ ಹೌದೆಂಬಂತೆ ಒಂದು ತೊಳೆ ಎತ್ತಿ ತೋರಿಸಿದ.

ಒವೆಲಾರ್ ಕೈ ಚಾಚಿದ. ಸೆಲ್ಸಾ ಜೇಬಿನಿಂದ ಪುಸ್ತಕ ತೆಗೆದು, ಖಾಲಿ ಪುಟ ತೆರೆದು, ಮೇಲೊಂದು ಪೆನ್ನಿಟ್ಟು ಅವನ ಮುಂದೆ ಹಿಡಿದಳು.

"ನಿಯಮ ಎಲ್ಲರಿಗೂ ಒಂದೇ. ಮೊದಲು ನಿಮ್ಮದೊಂದು ಬರೀರಿ. ಆಮೇಲೆ ಕೂತು ಪೂರ್ತಿ ಓದಿ, ನಾನೇ ತೆರೆರೆ ಕೊಡ್ತೀನಿ."

"ಬರೆಯೋಕೆ ನನ್ನದೇನಿದೆ? ಇಪ್ಪತ್ತಾರು ವರ್ಷದಲ್ಲಿ ಒಂದು ತಪ್ಪೂ ಮಾಡಿಲ್ಲ ನಾನು."

ಸೆಲ್ಸಾ ಪುಸ್ತಕ ಮುಚ್ಚಿ ಜೇಬಿಗೆ ಹಾಕಿಕೊಂಡು ತನ್ನ ಹುಡುಗಿಯರ ಕಡೆ ತಿರುಗಿದಳು. "ಕೇಳಿಸ್ಕೊಂಡ್ರಲ್ಲ? ಸೋಮವಾರದಿಂದ ನಾನು ಇಲ್ಲಿರಲ್ಲ. ಇವರು ಯಾರಿಗಾದ್ರೂ ಸೂಜಿ ಚುಚ್ಚೋಕೆ ಬಂದ್ರೆ ಒಬ್ಬರು ಪಕ್ಕದಲ್ಲೇ ನಿಂತಿರಿ."

ಪೋಲಿಕಾರ್ಪೊ, ಡೈರೆಕ್ಟರನ ಮೇಲಿಟ್ಟ ಕಣ್ಣು ಕೀಳದೆ, ಕಿತ್ತಳೆ ಬದಿಗಿಟ್ಟು ಎರಡೂ ತೋಳುಗಳನ್ನು ಮೆಲ್ಲಗೆ ಹೊದಿಕೆಯೊಳಗೆ ಎಳೆದುಕೊಂಡ.