ಚೆರ್ರಿ ಹಣ್ಣಿನ ಟೋಪಿ

ಮತದಾನದ ಗಂಟೆ ಬಾರಿಸುತ್ತಿದ್ದಾಗ ಸಂಸದ ಸಿರಿಲ್ ಪೆಂಗೆಲಿ ಮೊಣಕಾಲೂರಿ ಬೆಂಚಿನ ಕೆಳಗೆ ಟೋಪಿ ಹುಡುಕುತ್ತಿದ್ದ. ಮತ ಎಣಿಸುವಾಗ ಯಾರಾದರೂ ಬಾಯಿ ತೆರೆಯಬೇಕಾದರೆ ಕೂತೇ ಇರಬೇಕು, ತಲೆಯ ಮೇಲೆ ಟೋಪಿ ಇರಬೇಕು. ಯಾವ ಪುಣ್ಯಾತ್ಮ ಮಾಡಿದ ನಿಯಮವೋ, ಲಂಡನ್ನಿನ ಈ ಸಭೆಯಲ್ಲಿ ದೇವರಿಗಿಂತ ಅದಕ್ಕೇ ಮರ್ಯಾದೆ ಹೆಚ್ಚು. ಅದಕ್ಕೆಂದೇ ಸಭೆಯಲ್ಲಿ ಒಂದು ಮಡಚುವ ಟೋಪಿ ಇಟ್ಟಿರುತ್ತಿದ್ದರು. ಇವತ್ತು ಅದು ಮಾಯ.

"ಹುಡುಕಿ ಪ್ರಯೋಜನ ಇಲ್ಲ ಕಣ್ರೀ," ಎಂದಳು ಅವನದೇ ಪಕ್ಷದ ವಿನಿಫ್ರೆಡ್ ಟ್ರಾಂಟರ್. "ಎದುರಿನ ಬೆಂಚಲ್ಲಿ ಆ ಕರ್ನಲ್ ನೋಡಿ, ಅದರ ಮೇಲೇ ಕೂತಿದಾನೆ. ಕಾವು ಕೊಡೋ ಕೋಳಿ ಥರ."

"ಅಲ್ಲಿ ಆಫ್ರಿಕದ ನಮ್ಮ ವಸಾಹತಲ್ಲಿ ಚಿಸಾಲೆ ಮೇಷ್ಟ್ರಿಗೆ ನಾಳೆ ಬೆಳಗಾದ್ರೆ ಹನ್ನೆರಡು ಛಡಿ ಏಟು! ಈ ಎಣಿಕೆ ಮುಗಿದ್ರೆ ನಮಗೆ ಈಸ್ಟರ್ ರಜ. ಆಮೇಲೆ ಯಾರ ಹತ್ರ ಮಾತಾಡ್ಲಿ, ಥೇಮ್ಸ್ ನದಿ ಬಾತುಕೋಳಿ ಹತ್ರಾನಾ?" ಎಂದ ಪೆಂಗೆಲಿ.

ಪ್ರಶ್ನೆಗಳ ವೇಳೆಯಲ್ಲಿ ಅವನ ಸರದಿ ಬರುವಷ್ಟರಲ್ಲಿ ಹೊತ್ತು ಮುಗಿದಿತ್ತು. ವಸಾಹತುಗಳ ಮಾತೆತ್ತಿದರೆ ಅರ್ಧ ಸಭೆ ಚಹಾಕ್ಕೆ ಎದ್ದು ಹೋಗುವುದು ಹೊಸದೇನಲ್ಲ. ಆದರೂ ಇವತ್ತು ಅವನಿಗೆ ನಿಜಕ್ಕೂ ಅಳು ಬರುವಂತಾಗಿತ್ತು.

ವಿನಿಫ್ರೆಡ್ ಪಿನ್ನು ಕಿತ್ತು, ಅಂಚಿಗೆ ಬಟ್ಟೆಯ ಚೆರ್ರಿ ಹಣ್ಣು ಹೊಲಿದಿದ್ದ ತನ್ನ ಟೋಪಿಯನ್ನೇ ಅವನ ತಲೆಗಿಟ್ಟಳು. "ಚೆರ್ರಿ ಉದುರಿಸ್ಬೇಡಿ. ನಮ್ಮತ್ತೆ ಕೊಟ್ಟಿದ್ದು."

ಮತ ಹಾಕಿ ಮರಳುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಸಭಾಧ್ಯಕ್ಷರು ಹುಬ್ಬೇರಿಸಿದರು. "ಮಾನ್ಯ ಸದಸ್ಯರೇ, ಏನಿದು ವೇಷ?"

"ಕೂತಿದೀನಿ, ಟೋಪಿ ಇದೆ. ಹಣ್ಣು ಇರಬಾರದು ಅಂತ ನಿಯಮದಲ್ಲಿ ಎಲ್ಲೂ ಇಲ್ಲ ಸ್ವಾಮಿ."

"ಸರಿ, ಬೇಗ ಹೇಳಿ."

"ನಾಳೆ ನಮ್ಮೆಲ್ಲರ ಹೆಸರಲ್ಲಿ ಒಬ್ಬ ಶಾಲಾ ಮೇಷ್ಟ್ರಿಗೆ ಹನ್ನೆರಡು ಏಟು ಹೊಡೀತಾರೆ. ವಿಚಾರಣೆ ಇಲ್ಲ, ವಕೀಲ ಇಲ್ಲ. ಮಂತ್ರಿಗಳು ಈಗಲೇ ತಂತಿ ಕೊಟ್ಟು ನಿಲ್ಲಿಸ್ಲಿ."

ವಸಾಹತು ಮಂತ್ರಿ ನಕ್ಕು ನಕ್ಕು ಬಂದ ಕಣ್ಣೀರು ಒರೆಸಿಕೊಳ್ಳುತ್ತಿದ್ದ. "ಅವನು ಮಾಡಿದ್ದಾದ್ರೂ ಏನಪ್ಪಾ?"

"ಜಿಲ್ಲಾಧಿಕಾರಿ ಎದುರು ಟೋಪಿ ತೆಗೀಲಿಲ್ಲ."

ನಗು ನಿಂತಿತು. ಕರ್ನಲ್ ಕೂತಲ್ಲೇ ಕದಲಿದ. ಕೆಳಗೆ ಏನೋ ಲಟಕ್ಕೆಂದಿತು. ಮಂತ್ರಿ ಮಾತ್ರ, "ರಜ ಮುಗೀಲಿ, ವಿಚಾರಿಸೋಣ" ಎಂದು ಗೊಣಗಿ ಕಾಗದ ಜೋಡಿಸಿಕೊಳ್ಳತೊಡಗಿದ.

ಅಷ್ಟರಲ್ಲಿ ಎಣಿಕೆ ಮುಗಿಯಿತು. ಪೆಂಗೆಲಿ ದಡಕ್ಕನೆ ಎದ್ದು ನಿಂತ. ಎದ್ದು ನಿಂತವರ ತಲೆ ಬರಿದಾಗಿರಬೇಕು. ಅದೂ ಇಲ್ಲಿಯ ನಿಯಮವೇ.

"ಟೋಪಿ ತೆಗೀರಿ," ಎಂದರು ಸಭಾಧ್ಯಕ್ಷರು.

"ತಂತಿ ಹೋಗೋ ತನಕ ತೆಗೆಯಲ್ಲ." ಕಿವಿಯ ಮೇಲೆ ಚೆರ್ರಿಗಳು ನಡುಗುತ್ತಿದ್ದವು. "ಬೇಕಾದ್ರೆ ನಂಗೂ ಹನ್ನೆರಡು ಬಿಗೀರಿ."